ಎಂಟು ಕಿಟಕಿ, ಒಂದು ಬಾಗಿಲು ಮತ್ತು ಅತ್ತೆಯ ತೆರಿಗೆ

"ಈ ಮನೆಯ ಕಿಟಕಿ ಬಾಗಿಲುಗಳ ಅರ್ಧ ಖರ್ಚನ್ನು ಸರ್ಕಾರದ ಬಾಯಿಂದ ಕಕ್ಕಿಸದಿದ್ದರೆ ನನ್ನ ಹೆಸರು ಎರ್ಮೆಸ್ ಅಲ್ಲ!"

ಹೀಗೆಂದು ನಾನು ಘೋಷಿಸಿದ್ದು ಅಕ್ಟೋಬರ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಊಟದ ಮೇಜಿನ ಎದುರು ಎದ್ದು ನಿಂತು, ಮುಳ್ಳುಚಮಚವನ್ನು ಬಾವುಟದಂತೆ ಮೇಲೆತ್ತಿ. ಅದರ ತುದಿಯಲ್ಲಿದ್ದ ಪೊಲೆಂಟಾ ಎಂಬ ಮೆಕ್ಕೆಜೋಳದ ಮುದ್ದೆಯ ತುಣುಕು ಹಾರಿ ಹೋಗಿ ಅತ್ತೆಯ ವೈನ್ ಲೋಟದೊಳಗೆ ಬಿತ್ತು. ಅತ್ತೆ ಝೀತಾ ಅದನ್ನು ಬೆರಳಿನಿಂದ ತೆಗೆದು, ಬಾಯಿಗೆ ಹಾಕಿಕೊಂಡು, "ಮೊದ್ಲು ಕೂತ್ಕೊಳ್ಳಿ ಡಾಕ್ಟ್ರೇ. ಸರ್ಕಾರ ಎಲ್ಲೂ ಓಡಿಹೋಗಲ್ಲ," ಎಂದರು.

ನಾನು ನಾಡಿ ಹಿಡಿಯುವ ಡಾಕ್ಟರಲ್ಲ. ನಮ್ಮ ಇಟಲಿಯಲ್ಲಿ ಪದವಿ ಮುಗಿಸಿದವರನ್ನೆಲ್ಲ ಹಾಗೆ ಕರೆಯುವುದು ರೂಢಿ. ನಮ್ಮ ವಂಶದಲ್ಲಿ ಮೂಲಪುರುಷನಿಂದ ಹಿಡಿದು ನನ್ನ ಅಪ್ಪನವರೆಗೆ ಎಲ್ಲರೂ ಬೆಟ್ಟದ ಮೇಲೆ ಹಸು ಮೇಯಿಸಿದವರು, ಹಾಲು ಹೆಪ್ಪಿಟ್ಟು ಚೀಸ್ ಮಾಡಿದವರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲ ಪ್ರಾಣಿ ನಾನೇ. ಪಾದುವಾದಲ್ಲಿ ಅರಣ್ಯಶಾಸ್ತ್ರದ ಪದವಿ ಪಡೆದ ದಿನ ಗೆಳೆಯರು ಪದ್ಧತಿಯಂತೆ ನನ್ನ ತಲೆಗೆ ಲಾರೆಲ್ ಎಲೆಗಳ ಕಿರೀಟ ತೊಡಿಸಿದರು. ಲಾರೆಲ್ ಎಂದರೆ ಹೆದರಬೇಕಾಗಿಲ್ಲ, ಅದು ಪಲಾವ್ ಎಲೆಯ ಖಾಸಾ ನೆಂಟ! ಮದುವೆಯಾಗಿ ಅತ್ತೆಯ ಮನೆಯಲ್ಲೇ ನೆಲೆಸಲು ಬಂದಾಗ ಆ ಕಿರೀಟವನ್ನು ಜೊತೆಗೆ ತಂದು ಎಲ್ಲರ ಕಣ್ಣಿಗೆ ಬೀಳಲೆಂದು ಅಡುಗೆಮನೆಯ ಗೋಡೆಗೆ ತೂಗುಹಾಕಿದೆ. ಅದು ಅತ್ತೆಯ ಕಣ್ಣಿಗೂ ಬಿತ್ತು. ಮೊಲದ ಸಾರು ಮಾಡುವಾಗಲೆಲ್ಲ ಅವರು ಅದರಿಂದ ಎರಡೆಲೆ ಕೀಳುತ್ತಾರೆ. "ಒಳ್ಳೆ ಘಮ ಇದೆ ನಿನ್ನ ಪದವಿಗೆ," ಎನ್ನುತ್ತಾರೆ. ಒಂಬತ್ತು ವರ್ಷಗಳಲ್ಲಿ ನನ್ನ ವಿದ್ಯೆಯ ಬಹುಪಾಲು ಈ ಕುಟುಂಬದ ಹೊಟ್ಟೆ ಸೇರಿದೆ.

ಮನೆ ಅತ್ತೆಯದು. ಅದರ ಕಿಟಕಿಗಳು ಅತ್ತೆಯ ಮಾವನ ಕಾಲದವು. ಮರ ಒಣಗಿ, ಸುಕ್ಕುಗಟ್ಟಿ, ಚಳಿಗಾಲದಲ್ಲಿ ಬೆಟ್ಟದ ಗಾಳಿ ಯಾರ ಅನುಮತಿಯನ್ನೂ ಕೇಳದೆ ಒಳಗೆ ಬಂದು, ಪರದೆ ಸರಿಸಿ ನೋಡಿ, ನಾನು ಓದುತ್ತಿದ್ದ ಪುಸ್ತಕದ ಪುಟ ತಿರುವಿ ಹೋಗುತ್ತಿತ್ತು. ಸಂದಿಯಿಂದ ಬರುವ ಗಾಳಿ ಎಂದರೆ ಅತ್ತೆಗೆ ಯಮ. ಅದು ಕತ್ತಿನ ಹಿಂಭಾಗಕ್ಕೆ ತಾಗಿದರೆ ಮನುಷ್ಯ ವಾರದೊಳಗೆ ಹೋಗಿಬಿಡುತ್ತಾನೆಂಬುದು ಅವರ ವೈದ್ಯಶಾಸ್ತ್ರ. ಆದ್ದರಿಂದ ಪ್ರತಿ ಕಿಟಕಿಯ ಬುಡದಲ್ಲೂ ತೌಡು ತುಂಬಿದ ಬಟ್ಟೆಯ ಹಾವೊಂದನ್ನು ಹೊಲಿದು ಮಲಗಿಸಿದ್ದರು. ಸಂದುಗಳಿಗೆ ಕೈಗೆ ಸಿಕ್ಕ ಕಾಗದವನ್ನೆಲ್ಲ ಮಡಿಚಿ ತುರುಕುತ್ತಿದ್ದರು. ಹಳೇ ಪತ್ರಿಕೆ, ಔಷಧದ ಚೀಟಿ, ಚರ್ಚಿನ ಕರಪತ್ರ, ಯಾವುದಕ್ಕೂ ಭೇದಭಾವವಿಲ್ಲ. (ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.)

ಗಾಳಿಗೆ ಇಷ್ಟು ಹೆದರುವ ಇದೇ ಅತ್ತೆ ದಿನಾ ಬೆಳಗ್ಗೆ ಏಳಕ್ಕೆ, ಹೊರಗೆ ಹಿಮ ಸುರಿಯುತ್ತಿದ್ದರೂ ಸರಿಯೇ, ಎಂಟೂ ಕಿಟಕಿಗಳನ್ನು ಹಾರುಹೊಡೆದು ಒಂದು ಗಂಟೆ ತೆರೆದಿಡುತ್ತಾರೆ.

"ಅತ್ತೆ, ಈಗ ಗಾಳಿ ತಾಗಲ್ವಾ?"

"ಇದು ಗಾಳಿ ಅಲ್ಲಪ್ಪ, ಹವಾ. ಮನೆ ಹವಾ ಬದಲಾಗ್ಬೇಕು. ಸಂದೀಲಿ ಬರೋದು ಗಾಳಿ. ಅಷ್ಟು ಓದಿದೀಯ, ಇದು ಗೊತ್ತಾಗಲ್ವಾ?"

ಇಂಥ ಮನೆಗೆ ಹೊಸ ಕಿಟಕಿ, ಮುಂಬಾಗಿಲು ಹಾಕಿಸಲು ಹನ್ನೆರಡು ಸಾವಿರ ಯೂರೋ ಬೇಕಾಗಿತ್ತು. ಅಷ್ಟು ಹಣವಿದ್ದದ್ದು ನನ್ನ ಹೆಂಡತಿ ಲೊರೆದಾನಾಳ ಬಳಿ ಮಾತ್ರ. ಕನ್ನಡಕದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಕನ್ನಡಕದ ಕಡ್ಡಿಗೆ ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ ತಿರುಗಿಸಿ ತಿರುಗಿಸಿ ಅವಳು ಕೂಡಿಟ್ಟ ಹಣ ಅದು. ಅದರ ಮೇಲೆ ಅವಳಿಗೊಂದು ಕನಸಿತ್ತು: ಪ್ರತಿ ಆಗಸ್ಟಿನಲ್ಲಿ ಒಂದು ವಾರ ಕಾವೊರ್ಲೆಯ ಸಮುದ್ರ ತೀರ. ಬೆಟ್ಟದಲ್ಲಿ ಹುಟ್ಟಿ ಬೆಟ್ಟದಲ್ಲೇ ಬೆಳೆದ ಅವಳು ಸಮುದ್ರದ ಮುಂದೆ ಕೊಡೆಯ ಕೆಳಗೆ ಕಾಲು ಚಾಚಿ ಕೂರಬೇಕೆಂದು ಒಂದು ಹುಲ್ಲಿನ ಟೋಪಿಯನ್ನೂ ಕೊಂಡು ಮೊಳೆಗೆ ನೇತುಹಾಕಿದ್ದಳು. ನಾಲ್ಕು ವರ್ಷದಿಂದ ಅದು ನೇತಾಡುತ್ತಲೇ ಇತ್ತು.

"ಯೋಚನೆ ಮಾಡು," ಎಂದೆ ಪೊಲೆಂಟಾ ಹಾರಿಸಿದ ಆ ಭಾನುವಾರ. "ಹಳೇ ಕಿಟಕಿ ತೆಗೆದು, ಶಾಖ ಹಿಡಿದಿಡುವ ಹೊಸ ಕಿಟಕಿ ಹಾಕಿಸಿದರೆ, ಖರ್ಚಿನ ಅರ್ಧವನ್ನು ಸರ್ಕಾರ ತೆರಿಗೆಯಲ್ಲಿ ಬಿಟ್ಟುಕೊಡುತ್ತೆ. ಹತ್ತು ವರ್ಷ, ವರ್ಷಕ್ಕೆ ಆರುನೂರು ಯೂರೋ! ಆರುನೂರು ಅಂದರೆ ಕಾವೊರ್ಲೆಯಲ್ಲಿ ಒಂದು ವಾರ. ಮನೆಗೆ ಕಿಟಕಿ, ನಿನಗೆ ಸಮುದ್ರ!"

ಲೊರೆದಾನಾ ಟೋಪಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಟೋಪಿಯ ಮೇಲೆ ಅವಳಿಗೆ ಹೆಚ್ಚು ನಂಬಿಕೆ ಇದ್ದಂತೆ ಕಂಡಿತು.

"ಸರಿ, ಕೊಡ್ತೀನಿ. ಆದ್ರೆ ಕಾಗದಪತ್ರ ಎಲ್ಲಾ ನಮ್ಮ ಯೂನಿಯನ್ ಆಫೀಸಿನ ಸಬಿನಾ ಕೈಲಿ ಮಾಡ್ಸೋಣ. ಇಪ್ಪತ್ತೈದು ಯೂರೋ ತಗೋತಾಳೆ, ಅಷ್ಟೆ."

"ಸಬಿನಾ?" ಎಂದು ನಾನು ಮತ್ತೆ ಎದ್ದು ನಿಂತೆ. ಅತ್ತೆ ತಮ್ಮ ಲೋಟದ ಮೇಲೆ ಅಂಗೈ ಮುಚ್ಚಿಕೊಂಡರು. "ಶಾಲೆಯಲ್ಲಿ ನನ್ನ ಪಕ್ಕ ಕೂತು ಭಾಗಾಕಾರಕ್ಕೆ ಅಳ್ತಿದ್ದ ಸಬಿನಾ? ಮನೆಯಲ್ಲೊಬ್ಬ ಪದವೀಧರ ಇರುವಾಗ ಇಪ್ಪತ್ತೈದು ಯೂರೋ ಕೊಟ್ಟು ಅರ್ಜಿ ಬರೆಸೋದಾ? ನನ್ನಪ್ಪ ನನ್ನನ್ನು ಓದಿಸೋಕೆ ಎರಡು ಹಸು ಮಾರಿದಾನೆ!"

"ಆ ಹಸುಗಳಿದ್ದಿದ್ರೆ ಇಷ್ಟು ಹೊತ್ತಿಗೆ ನಾವೇ ಕಿಟಕಿ ಹಾಕಿಸ್ತಿದ್ವೇನೋ," ಎಂದರು ಅತ್ತೆ, ಯಾರಿಗೂ ಅಲ್ಲ ಎಂಬಂತೆ.

ಮರುದಿನವೇ ನಾನು ಸರ್ಕಾರದ ಮಾರ್ಗದರ್ಶಿ ಪುಸ್ತಿಕೆಯನ್ನು ಅಚ್ಚು ಹಾಕಿಸಿ ತಂದೆ. ಅರವತ್ತನಾಲ್ಕು ಬಿಡಿ ಹಾಳೆ! ಕೆಂಪು, ಹಸಿರು, ನೀಲಿ ಮೂರು ಬಣ್ಣದ ಲೇಖನಿ ಇಟ್ಟುಕೊಂಡು, ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಒಂದು ವಾರ ಅಧ್ಯಯನ ನಡೆಸಿದೆ. ಪದವಿ ಪರೀಕ್ಷೆಗೂ ನಾನು ಹಾಗೆ ಓದಿರಲಿಲ್ಲ. ಅತ್ತೆ ಸೊಪ್ಪು ಬಿಡಿಸಲು ಜಾಗವಿಲ್ಲದೆ ಗೊಣಗುತ್ತಿದ್ದರು. ಒಂದು ಕಡೆ ಒಂದು ಸಾಲು ಹೀಗಿತ್ತು: "ಈ ವಿನಾಯಿತಿಗೆ ಅರ್ಹರು: ಮನೆಯ ಒಡೆತನ ಉಳ್ಳವರು". ಪುಟ ಅಲ್ಲಿಗೆ ಮುಗಿದಿತ್ತು. ಮುಂದಿನ ಹಾಳೆಯಲ್ಲಿ ಫೋಟೋ ತೆಗೆಯುವ ಕ್ರಮದ ಬಗ್ಗೆ ವಿವರಣೆ ಇತ್ತು. ಸಾಲಿನ ಕೊನೆಯಲ್ಲಿ ಪೂರ್ಣವಿರಾಮ ಇಡುವುದನ್ನೂ ಮರೆತಿದ್ದಾರಲ್ಲ ಈ ಸರ್ಕಾರದವರು ಎಂದು ಮರುಕಪಟ್ಟು, ಕೆಂಪು ಲೇಖನಿಯಿಂದ ನಾನೇ ಒಂದು ದೊಡ್ಡ ಚುಕ್ಕೆ ಇಟ್ಟು ಉಪಕಾರ ಮಾಡಿದೆ.

"ಲೊರೆದಾನಾ, ಒಂದು ಸೂಕ್ಷ್ಮ ಇದೆ," ಎಂದೆ ಆ ಸಂಜೆ. "ಹಣ ಕಟ್ಟಬೇಕಾದ್ದು ಮನೆಯ ಒಡತಿ. ಅಂದರೆ ನಿಮ್ಮಮ್ಮ. ಬಿಲ್ಲು ಅವರ ಹೆಸರಿಗೆ, ಪಾವತಿ ಅವರ ಖಾತೆಯಿಂದ. ನಿನ್ನ ಹನ್ನೆರಡು ಸಾವಿರವನ್ನು ಮೊದಲು ಅವರ ಅಂಚೆ ಖಾತೆಗೆ ಉಡುಗೊರೆಯಾಗಿ ಕೊಡಬೇಕು."

"ನಾನೇ ಕಟ್ಟಿದ್ರೆ ಆಗಲ್ವಾ? ನಾನು ಮಗಳು. ಇದೇ ಮನೇಲಿ ಇದೀನಿ."

"ಕಾನೂನಿನಲ್ಲಿ ಕರುಳಿಗೆ ಜಾಗವಿಲ್ಲ."

"ಕಾರ್ಖಾನೇಲಿ ಎಲ್ರೂ ತಮ್ಮ ಹೆಸರಲ್ಲೇ ಕಟ್ತಾರೆ ಎರ್ಮೆಸ್."

"ಎಲ್ಲರೂ ಓದೋದಿಲ್ಲ ಲೊರೆದಾನಾ! ನಾನು ಓದಿದೀನಿ. ಮೂರು ಬಣ್ಣದಲ್ಲಿ!"

ಹನ್ನೆರಡು ಸಾವಿರ ಯೂರೋ ಅತ್ತೆಯ ಖಾತೆಗೆ ಹೋಯಿತು. ಅಂಚೆ ಕಚೇರಿಯಿಂದ ಬಂದ ಚೀಟಿಯನ್ನು ಅತ್ತೆ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ಓದಿದರು. "ಇಷ್ಟು ಶ್ರೀಮಂತೆ ನಾನು ಯಾವತ್ತೂ ಆಗಿರ್ಲಿಲ್ಲ," ಎಂದರು. ನಾಲ್ಕು ದಿನ ಆ ಚೀಟಿಯನ್ನು ಪ್ರಾರ್ಥನಾ ಪುಸ್ತಕದೊಳಗೆ ಇಟ್ಟುಕೊಂಡಿದ್ದರು.

ಕಿಟಕಿ ಕೆಲಸದ ಗಿಲ್ದೋ ಅಳತೆಗೆ ಬಂದ. ಅವನಿಗಿಂತ ಮೊದಲೇ ನಾನು ಎಂಟೂ ಕಿಟಕಿಗಳನ್ನು ಮೂರು ಮೂರು ಸಲ ಅಳೆದು, ದಶಮಾಂಶದ ಎರಡು ಸ್ಥಾನದವರೆಗೆ ಬರೆದಿಟ್ಟಿದ್ದೆ. ಆ ಭರದಲ್ಲಿ ಅತ್ತೆಯ ಜಿರೇನಿಯಂ ಹೂಕುಂಡ ಎರಡು ಕೆಳಗಿನ ಬೀದಿಗೆ ಬಿದ್ದವು. ಅದನ್ನು ನಾನು ಸಂಶೋಧನೆಯ ವೆಚ್ಚ ಎಂದು ಪರಿಗಣಿಸಿದೆ. ಅತ್ತೆ ಹಾಗೆ ಪರಿಗಣಿಸಲಿಲ್ಲ.

"ಬಿಲ್ಲು ನಿಮ್ಮ ಹೆಸರಿಗೇ ತಾನೆ ಡಾಕ್ಟ್ರೇ?" ಎಂದು ಕೇಳಿದ ಗಿಲ್ದೋ.

"ಅಲ್ಲ. ಝೀತಾ ಅವರ ಹೆಸರಿಗೆ."

ಗಿಲ್ದೋ ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದು ಮತ್ತೆ ಕಿವಿಯ ಹಿಂದೆ ಇಟ್ಟ. "ಅಲ್ಲಾ, ಝೀತಮ್ಮನಿಗೆ ವಯಸ್ಸಾಗಿದೆ. ಸಂಬಳ ಬರೋರ ಹೆಸರಲ್ಲಿ ಮಾಡಿಸ್ತಾರೆ ಜನ, ಸಾಮಾನ್ಯವಾಗಿ..."

"ಜನ ಸಾಮಾನ್ಯವಾಗಿ ಮಾರ್ಗದರ್ಶಿ ಓದೋದಿಲ್ಲ ಗಿಲ್ದೋ!"

"ಅದು ನಿಜ," ಎಂದು ಅವನು ಒಪ್ಪಿಕೊಂಡ. "ನಾನೂ ಓದಿಲ್ಲ. ಇಪ್ಪತ್ತು ವರ್ಷದಿಂದ ಬರೀ ಕಿಟಕಿ ಹಾಕ್ತಿದೀನಿ."

ನವೆಂಬರಿನಲ್ಲಿ ಹೊಸ ಕಿಟಕಿಗಳು ಬಂದವು. ಮೂರು ಪದರ ಗಾಜು! ಮುಚ್ಚಿದರೆ ಚರ್ಚಿನ ಗಂಟೆ ಕೂಡ ಹತ್ತು ಮೈಲಿ ಆಚೆ ಹೊಡೆದಂತೆ ಕೇಳಬೇಕು. ಮುಂಬಾಗಿಲಂತೂ ಬ್ಯಾಂಕಿನ ತಿಜೋರಿಯ ಹಾಗೆ 'ಧಪ್' ಎಂದು ಮುಚ್ಚಿಕೊಳ್ಳುತ್ತಿತ್ತು. ಹಳೇ ಕಿಟಕಿಗಳನ್ನು ಅವುಗಳ ಸಂದಿನ ಕಾಗದಗಳ ಸಮೇತ ಗಿಲ್ದೋ ಲಾರಿಗೆ ಎಸೆದು ಸಾಗಿಸಿದ. ನಾನು ಅಡುಗೆಮನೆಯ ಕಿಟಕಿ ಮುಚ್ಚಿ, ಮೇಣದಬತ್ತಿ ಹಚ್ಚಿ ಹಿಡಿದೆ. ಜ್ವಾಲೆ ಕದಲಲಿಲ್ಲ. ಇತಿಹಾಸದಲ್ಲಿ ಮೊದಲ ಬಾರಿಗೆ ಆ ಮನೆಯೊಳಗೆ ಗಾಳಿ ಸತ್ತಿತ್ತು! ಕಣ್ಣಲ್ಲಿ ನೀರು ಬಂತು.

"ಚೆನ್ನಾಗಿದೆ ಅಲ್ವಾ?" ಎಂದ ಗಿಲ್ದೋ ಹೆಮ್ಮೆಯಿಂದ. "ಈಗ ಗೋಡೆಗೆ ತೂತು ಹೊಡೀಬೇಕು."

"ಏನು?"

"ಗ್ಯಾಸ್ ಒಲೆ ಇರೋ ಅಡುಗೆಮನೆ. ಮೊದ್ಲು ಹಳೇ ಕಿಟಕಿ ಸಂದೀಲಿ ಗಾಳಿ ಆಡ್ತಿತ್ತು. ಈಗ ಒಂದು ಉಸಿರೂ ಬರಲ್ಲ. ಹೊರಗಿನ ಗೋಡೇಲಿ ತೂತು ಇರ್ಲೇಬೇಕು ಡಾಕ್ಟ್ರೇ, ಕಾನೂನು. ಮುಚ್ಚೋ ಹಾಗಿಲ್ಲ."

"ಹನ್ನೆರಡು ಸಾವಿರ ಕೊಟ್ಟು ಗಾಳಿ ತಡೆದಿದ್ದೀವಿ. ಈಗ ಗೋಡೆ ಕೊರೆದು ಗಾಳಿ ಬಿಟ್ಟುಕೊಳ್ಳಬೇಕಾ?"

"ಕೊರೆಯೋದಕ್ಕೆ ಎಂಬತ್ತು ಯೂರೋ ಬೇರೆ."

"ಅದಕ್ಕೆ ತೆರಿಗೆ ವಿನಾಯಿತಿ ಇದೆಯಾ?"

ಗಿಲ್ದೋ ಕೈಗೆತ್ತಿಕೊಂಡಿದ್ದ ಡ್ರಿಲ್ಲನ್ನು ಕೆಳಗಿಟ್ಟ. "ತೂತಿಗಾ?" ಎಂದ.

ತೂತು ಬಂದದ್ದು ಸರಿಯಾಗಿ ಅತ್ತೆಯ ಕುರ್ಚಿಯ ಹಿಂದೆ, ಕತ್ತಿನ ಎತ್ತರಕ್ಕೆ. ಎಂಟು ಕಿಟಕಿಗಳಲ್ಲಿ ಹಂಚಿಕೊಂಡು ಬರುತ್ತಿದ್ದ ಬೆಟ್ಟದ ಗಾಳಿ ಈಗ ಸಂಘಟಿತವಾಗಿ ಒಂದೇ ತೂತಿನಲ್ಲಿ ಬರತೊಡಗಿತು. ಅತ್ತೆ ಎದ್ದು ನನ್ನ ಕುರ್ಚಿಯಲ್ಲಿ ಕುಳಿತರು. ಅಂದಿನಿಂದ ತೂತಿನ ಕುರ್ಚಿ ನನ್ನದು.

ಹಣ ಕಟ್ಟುವ ದಿನ ನಾನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತೆ. ಇದಕ್ಕೆ ಸಾಮಾನ್ಯ ಪಾವತಿ ನಡೆಯುವುದಿಲ್ಲ. ನಮ್ಮಲ್ಲಿ 'ಮಾತಾಡುವ ಪಾವತಿ' ಎಂದೊಂದಿದೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ಕಾನೂನಿನ ಯಾವ ಕಲಮಿನ ಪ್ರಕಾರ ಕೊಟ್ಟರು, ಕೊಟ್ಟವರ ತೆರಿಗೆ ಸಂಖ್ಯೆ ಏನು, ಎಲ್ಲವನ್ನೂ ಆ ಪಾವತಿಯೇ ತನ್ನ ಬಾಯಿಂದ ಹೇಳಬೇಕು. ಊರಿನಲ್ಲಿ ಎಷ್ಟೋ ಜನ ಇಲ್ಲಿ ಎಡವಿ ವಿನಾಯಿತಿ ಕಳೆದುಕೊಂಡಿದ್ದಾರೆ. ನಾನು ಎಡವಲಿಲ್ಲ! ಒಂದೊಂದು ಅಕ್ಷರವನ್ನೂ ನಾಲ್ಕು ಸಲ ನೋಡಿ ತುಂಬಿದೆ. ಪಾವತಿ ಮಾತಾಡಿತು. ಗಟ್ಟಿಯಾಗಿ, ಸ್ಪಷ್ಟವಾಗಿ, ಉದ್ದಕ್ಕೂ ನನ್ನ ಅತ್ತೆಯ ಹೆಸರನ್ನೇ ಮಾತಾಡಿತು.

ಕೆಲಸ ಮುಗಿದ ತೊಂಬತ್ತು ದಿನದೊಳಗೆ ಇಂಧನದ ಕಚೇರಿಗೆ ವಿವರ ಕಳಿಸಬೇಕು. ನಾನು ಮೂರನೇ ದಿನವೇ ಕಳಿಸಿದೆ. ಬಂದ ಸ್ವೀಕೃತಿ ಪತ್ರಕ್ಕೆ ಚೌಕಟ್ಟು ಹಾಕಿಸಿ, ನಾಲ್ಕೇ ಎಲೆ ಉಳಿದಿದ್ದ ನನ್ನ ಕಿರೀಟದ ಪಕ್ಕ ನೇತುಹಾಕಿದೆ.

ಆ ಚಳಿಗಾಲ ಮನೆ ಬೆಚ್ಚಗಿತ್ತೇ ಎಂದು ನೀವು ಕೇಳಬಹುದು. ಎಂಟು ಗಂಟೆಯ ನಂತರ ಇತ್ತು. ಏಳರಿಂದ ಎಂಟರವರೆಗೆ ಅತ್ತೆ ಆ ಮೂರು ಪದರದ ಎಂಟೂ ಕಿಟಕಿಗಳನ್ನು ಹಾರುಹೊಡೆದು ಹವಾ ಬದಲಿಸುತ್ತಿದ್ದರು. "ಹಳೇ ಕಿಟಕಿಗಿಂತ ಇವು ಚೆನ್ನಾಗಿ ತೆರ್ಕೊಳ್ತವೆ," ಎಂದು ಮೆಚ್ಚಿಕೊಂಡರು. ತೌಡಿನ ಹಾವುಗಳೂ ಅಲ್ಲಲ್ಲೇ ಮಲಗಿದ್ದವು. "ಇರ್ಲಿ, ಪಾಪ, ಅವೆಲ್ಲಿಗೆ ಹೋಗ್ತವೆ?" ಎಂದರು.

ಲೊರೆದಾನಾ ಮಾತ್ರ ಜನವರಿಯಲ್ಲೇ ಕಾವೊರ್ಲೆಯ ಒಂದು ಸಣ್ಣ ಹೋಟೆಲಿಗೆ ಫೋನ್ ಮಾಡಿ ಆಗಸ್ಟ್ ಎರಡನೇ ವಾರದ ಕೋಣೆ ಕೇಳಿದಳು. ಟೋಪಿಯ ಧೂಳು ಒರೆಸಿದಳು.

ಮೇ ತಿಂಗಳು ಬಂತು. ತೆರಿಗೆ ವಿವರ ಸಲ್ಲಿಸುವ ಕಾಲ. ಅತ್ತೆಯ ಹೆಸರಿನಲ್ಲಿ ನಾನೇ ಕಂಪ್ಯೂಟರಿನ ಮುಂದೆ ಕೂತು ಎಲ್ಲ ತುಂಬಿದೆ. ಖರ್ಚು: ಹನ್ನೆರಡು ಸಾವಿರ. ವಿನಾಯಿತಿ: ಆರು ಸಾವಿರ. ಈ ವರ್ಷದ ಕಂತು: ಆರುನೂರು. ಹೃದಯ ಹಾಡುತ್ತಿತ್ತು. ಕೊನೆಯ ಗುಂಡಿ ಒತ್ತಿದೆ.

'ಮರುಪಾವತಿ: ೦.'

ಎಲ್ಲೋ ತಪ್ಪಾಗಿದೆ ಎಂದು ಅಳಿಸಿ ಮತ್ತೆ ತುಂಬಿದೆ. ಸೊನ್ನೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಸೊನ್ನೆ. ಕನ್ನಡಕ ಒರೆಸಿಕೊಂಡೆ. ಸೊನ್ನೆ ಇನ್ನೂ ಸ್ಪಷ್ಟವಾಗಿ ಕಂಡಿತು.

"ಏನಂತೆ?" ಎಂದಳು ಲೊರೆದಾನಾ ಹಿಂದಿನಿಂದ.

"ಯಂತ್ರದ ದೋಷ. ಸುಮ್ಮನೆ ಖಾತ್ರಿಗೆ ಅಂತ ಸಬಿನಾ ಹತ್ತಿರ ಹೋಗಿ ಬರೋಣ."

"ಭಾಗಾಕಾರದ ಸಬಿನಾ?"

ನಾನು ಕಡತವನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ.

ಯೂನಿಯನ್ ಆಫೀಸಿನಲ್ಲಿ ಸಬಿನಾ ನನ್ನ ಕಡತವನ್ನು ಪುಟ ಪುಟ ತಿರುವಿದಳು. ಎದುರಿಗೆ ಮೂವರೂ ಕುಳಿತಿದ್ದೆವು. ನಾನು, ಲೊರೆದಾನಾ, ನಡುವೆ ಭಾನುವಾರದ ಕೋಟು ತೊಟ್ಟ ಅತ್ತೆ.

"ಎರ್ಮೆಸ್, ಇಷ್ಟು ಅಚ್ಚುಕಟ್ಟಾದ ಕಡತ ಹದಿನಾರು ವರ್ಷದಲ್ಲಿ ನಾನು ನೋಡಿಲ್ಲ," ಎಂದಳು ಸಬಿನಾ.

ನಾನು ಹೆಂಡತಿಯ ಕಡೆ ಒಂದು ನೋಟ ಬೀರಿದೆ.

"ಎಲ್ಲಾ ಸರಿಯಿದೆ. ಒಂದು ಅಲ್ಪವಿರಾಮವೂ ತಪ್ಪಿಲ್ಲ. ಝೀತಮ್ಮನಿಗೆ ವರ್ಷಕ್ಕೆ ಆರುನೂರು ವಿನಾಯಿತಿ ಸಿಗುತ್ತೆ. ಆದ್ರೆ ಸಿಗಲ್ಲ."

"ಅಂದ್ರೆ?"

"ಸರ್ಕಾರ ದುಡ್ಡು ತಂದು ಕೈಗೆ ಕೊಡಲ್ಲ ಎರ್ಮೆಸ್. ನೀವು ಕಟ್ಟೋ ತೆರಿಗೇಲಿ ಕಳೆಯುತ್ತೆ. ಝೀತಮ್ಮನಿಗೆ ಬರೋದು ಚಿಕ್ಕ ಪಿಂಚಣಿ. ಅದರ ಮೇಲೆ ತೆರಿಗೇನೇ ಇಲ್ಲ. ಸೊನ್ನೇಲಿ ಆರುನೂರು ಹೇಗೆ ಕಳೀತೀಯ?" ಸಬಿನಾ ನಕ್ಕಳು. "ಭಾಗಾಕಾರ ನಂಗೆ ಕಷ್ಟ ಆಗ್ತಿತ್ತು, ನಿಜ. ಕಳೆಯೋದು ಬರ್ತಿತ್ತು."

ಮೊದಲು ಮಾತಾಡಿದವರು ಅತ್ತೆ.

"ಅಂದ್ರೆ ನಂಗೆ ಆರುನೂರು ಬರ್ಬೇಕು. ಆದ್ರೆ ನಾನು ಬಡವಿ ಅಂತ ಬರಲ್ಲ."

"ಹೌದು ಝೀತಮ್ಮ."

"ಶ್ರೀಮಂತೆ ಆಗಿದ್ರೆ ಬರ್ತಿತ್ತು."

"ಹೌದು."

"ನಂಗೀಗ ಎಂಬತ್ತೊಂದು. ಎಲ್ಲಾದ್ರೂ ಕೆಲಸಕ್ಕೆ ಸೇರ್ಲಾ?"

ಲೊರೆದಾನಾ ನಗಲಿಲ್ಲ. "ಸಬಿನಾ, ನಾನೇ ಕಟ್ಟಿದ್ರೆ? ನನ್ನ ಖಾತೆಯಿಂದ, ನನ್ನ ಹೆಸರಲ್ಲಿ?"

"ಆರಾಮಾಗಿ ಸಿಗ್ತಿತ್ತು. ಒಟ್ಟಿಗೆ ವಾಸ ಮಾಡೋ ಮನೆಯವರು ಯಾರು ಕಟ್ಟಿದ್ರೂ ನಡೆಯುತ್ತೆ. ಈಗ ಬಿಲ್ಲು, ಖಾತೆ, ಪಾವತಿ ಎಲ್ಲಾ ಝೀತಮ್ಮನ ಹೆಸರಲ್ಲಿದೆ, ಬದಲಾಯಿಸೋ ಹಾಗಿಲ್ಲ."

"ಹಾಗಂತ ಮಾರ್ಗದರ್ಶಿಯಲ್ಲಿ ಎಲ್ಲೂ ಇಲ್ಲ!" ಎಂದು ನಾನು ಮೇಜು ಕುಟ್ಟಿದೆ. "ಮೂರು ಬಣ್ಣದಲ್ಲಿ ಓದಿದೀನಿ!"

ಸಬಿನಾ ಡ್ರಾಯರಿನಿಂದ ತನ್ನ ಪ್ರತಿ ತೆಗೆದು, ನನ್ನ ಮುಂದೆ ತೆರೆದಿಟ್ಟಳು. ಹದಿನೈದನೇ ಪುಟ. ಮೇಲಿನ ಸಾಲೇ: "ಹಾಗೂ ಅವರೊಡನೆ ವಾಸಿಸುವ ಮಕ್ಕಳು, ಅಳಿಯ, ಸೊಸೆ ಮುಂತಾದ ಬಂಧುಗಳು, ತಾವೇ ವೆಚ್ಚ ಭರಿಸಿದ್ದಲ್ಲಿ."

ನಾನು ನನ್ನ ಹಾಳೆಗಳನ್ನು ಎಣಿಸಿದೆ. ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನಾರು.

ಅತ್ತೆ ಮುಂದಕ್ಕೆ ಬಗ್ಗಿ ಸಬಿನಾಳ ಪ್ರತಿಯನ್ನು ದಿಟ್ಟಿಸಿದರು. ಪುಟದ ಮೂಲೆಯಲ್ಲಿ ಒಂದು ಪುಟ್ಟ ಮನೆಯ ಚಿತ್ರವಿತ್ತು, ಅದರ ಮುಂದೆ ಕೈ ಕೈ ಹಿಡಿದ ಅಜ್ಜಿ, ಮಗಳು, ಅಳಿಯ. "ಅಯ್ಯೋ, ಈ ಅಜ್ಜಿ ನಂಗೆ ಗೊತ್ತು! ಅಡುಗೆಮನೆ ಕಿಟಕಿ ಸಂದಿಗೆ ನಾನೇ ಇಟ್ಟಿದ್ದು. ಮೇಜಿನ ಮೇಲೆ ಅಷ್ಟೊಂದು ಹಾಳೆ ಬಿದ್ದಿತ್ತು, ಒಂದರಿಂದ ಏನಾಗುತ್ತೆ ಅಂತ... ಕಾಗದ ದಪ್ಪಗಿತ್ತು, ಚೆನ್ನಾಗಿ ಗಾಳಿ ತಡೀತು."

ನನಗೆ ಜೀವ ಬಂತು. "ನೋಡಿದ್ಯಾ ಲೊರೆದಾನಾ? ತಪ್ಪು ಯಾರದು ಅಂತ ಈಗ ಗೊತ್ತಾಯ್ತಾ? ಪುಟ ಕಿತ್ತುಕೊಂಡೋರು ಯಾರು?"

ಅತ್ತೆ ನಿಧಾನವಾಗಿ ಕೋಟಿನ ಗುಂಡಿ ಹಾಕಿಕೊಂಡರು. "ನಾನು ಓದಿದ್ದು ಮೂರನೇ ಕ್ಲಾಸು ಡಾಕ್ಟ್ರೇ. ಆದ್ರೂ ಹದಿನಾಲ್ಕು ಆದ್ಮೇಲೆ ಹದಿನೈದು ಬರುತ್ತೆ ಅಂತ ಅಲ್ಲೇ ಹೇಳಿಕೊಟ್ಟಿದ್ರು. ಪಾದುವಾದಲ್ಲಿ ಹೇಳಿಕೊಡಲ್ವಾ?"

ಪಕ್ಕದ ಮೇಜಿನ ಗುಮಾಸ್ತ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು.

ಲೊರೆದಾನಾ ಬೈದಿದ್ದರೆ ಚೆನ್ನಾಗಿತ್ತು. ಅವಳು ಕಿಟಕಿಯಾಚೆ ನೋಡುತ್ತ ಕುಳಿತಳು. ಹದಿನೆಂಟು ವರ್ಷ ಸ್ಕ್ರೂ ತಿರುಗಿಸಿದ ಅವಳ ಹೆಬ್ಬೆರಳು ತೋರುಬೆರಳು ತಾವಾಗಿ ಗಾಳಿಯಲ್ಲಿ ಏನನ್ನೋ ತಿರುಗಿಸುತ್ತಿದ್ದವು. ಅದನ್ನು ನೋಡಿ ನಾನು ನನ್ನ ಮೂರು ಬಣ್ಣದ ಹಾಳೆಗಳನ್ನು ಮೇಜಿನ ಕೆಳಗೆ ಸರಿಸಿದೆ. ಅತ್ತೆಯೂ ಮಗಳ ಬೆರಳನ್ನೇ ನೋಡುತ್ತಿದ್ದರು.

"ಸಬಿನಾ," ಎಂದರು ಅತ್ತೆ. "ನಂಗೆ ತೆರಿಗೆ ಬರೋ ಹಾಗೆ ಮಾಡೋಕಾಗಲ್ವಾ?"

ಹದಿನಾರು ವರ್ಷದಲ್ಲಿ ಸಬಿನಾಳನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. "ಪಿಂಚಣಿ ಬಿಟ್ಟು ಬೇರೆ ವರಮಾನ ಇದ್ರೆ ಆಗುತ್ತೆ. ಹೊಲ ಇದೆಯಾ? ಅಂಗಡಿ? ಎಲ್ಲಾದ್ರೂ ಮನೆ ಬಾಡಿಗೆಗೆ ಕೊಟ್ಟಿದೀರಾ?"

"ಮನೆ ಇರೋದು ಒಂದೇ. ಅದರಲ್ಲಿ ನಾವೇ ಇದೀವಿ."

"ಯಾರಿಗಾದ್ರೂ ಎರಡು ಕೋಣೆ ಬಾಡಿಗೆಗೆ ಕೊಟ್ರೂ ಸಾಕು ಝೀತಮ್ಮ. ತಿಂಗಳಿಗೆ ಮುನ್ನೂರು ಯೂರೋ ಬಂದ್ರೆ, ಅದರ ಮೇಲೆ ಬರೋ ತೆರಿಗೇಲಿ ಮುಂದಿನ ವರ್ಷದಿಂದ ಈ ಆರುನೂರನ್ನ ಪೂರ್ತಿ ಕಳೀಬಹುದು."

ಅತ್ತೆ ತಲೆ ತಿರುಗಿಸಿದರು. ಅಪರೂಪಕ್ಕೊಮ್ಮೆ ಹಿತ್ತಲಿನ ಗೂಡಿನ ಮುಂದೆ ನಿಂತು ಯಾವ ಮೊಲ ಸಾರಿಗಾದೀತು ಎಂದು ನೋಡುತ್ತಾರಲ್ಲ, ಅದೇ ನೋಟದಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅತ್ತೆ," ಎಂದೆ ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತ, "ಆರುನೂರು ಉಳಿಸೋಕೆ ನನ್ನ ಸಂಬಳದಿಂದ ವರ್ಷಕ್ಕೆ ಮೂರು ಸಾವಿರದ ಆರುನೂರು ಕೊಡಬೇಕಾ?"

"ಒಂಬತ್ತು ವರ್ಷ ಪುಕ್ಕಟೆ ಇದ್ದೆಯಲ್ಲ ಮಗನೇ. ನಾನು ಏನಾದ್ರೂ ಕೇಳಿದ್ನಾ?"

"ದುಡ್ಡು ಮನೆಯಿಂದ ಆಚೆ ಎಲ್ಲೂ ಹೋಗಲ್ಲ ಎರ್ಮೆಸ್," ಎಂದಳು ಲೊರೆದಾನಾ. ಅವಳ ಬೆರಳು ನಿಂತಿತ್ತು. ಕಣ್ಣಲ್ಲಿ ಸಣ್ಣದೊಂದು ಹೊಳಪು ಬಂದಿತ್ತು. "ಸರ್ಕಾರದ ಬಾಯಿಂದ ಕಕ್ಕಿಸ್ತೀನಿ ಅಂದಿದ್ದೆ. ಕಕ್ಕಿಸು!"

ಬಾಡಿಗೆ ಕರಾರನ್ನು ನಾನೇ ಬರೆದೆ. ಸಬಿನಾಗೆ ಇಪ್ಪತ್ತೈದು ಯೂರೋ ಕೊಡುವುದೇ? ನಾಲ್ಕು ಪುಟ, ಒಂದು ತಪ್ಪಿಲ್ಲ. ಎರಡು ಕೋಣೆ, ಅಡುಗೆಮನೆಯಲ್ಲಿ ತೂತಿನ ಪಕ್ಕದ ಒಂದು ಕುರ್ಚಿ, ಬಾಡಿಗೆ ಪ್ರತಿ ತಿಂಗಳ ಮೊದಲ ತಾರೀಕು. ಅತ್ತೆ ನಾಲಿಗೆ ಕಚ್ಚಿಕೊಂಡು, ಮೂರನೇ ಕ್ಲಾಸಿನ ದುಂಡು ಅಕ್ಷರದಲ್ಲಿ ಪ್ರತಿ ಪುಟಕ್ಕೂ ಸಹಿ ಹಾಕಿದರು. ಸಂತೋಷಕ್ಕೆ ಅಂದು ಮೊಲದ ಸಾರು ಮಾಡಿದರು. ಕಿರೀಟದಲ್ಲಿ ಉಳಿದಿದ್ದ ಎಲೆಗಳೂ ಅದಕ್ಕೇ ಹೋದವು. ಗೋಡೆಯ ಮೇಲೆ ಈಗ ಒಂದು ತಂತಿಯ ಬಳೆ ಮಾತ್ರ ಇದೆ.

ಆಗಸ್ಟ್ ಎರಡನೇ ವಾರ ಲೊರೆದಾನಾ ಕಾವೊರ್ಲೆಗೆ ಹೋದಳು. ಹುಲ್ಲಿನ ಟೋಪಿ ಹಾಕಿಕೊಂಡು, ತಾಯಿಯನ್ನು ಕರೆದುಕೊಂಡು. ಖರ್ಚೆಲ್ಲ ಅತ್ತೆಯದು, ಅಂದರೆ ಬಾಡಿಗೆಯದು, ಅಂದರೆ ಯಾರದೆಂದು ಬಿಡಿಸಿ ಹೇಳಬೇಕಾಗಿಲ್ಲ. "ಅಳಿಯ ಮಾತು ಕೊಟ್ಟಿದ್ದ. ಅದನ್ನ ನಡೆಸೋರು ಯಾರಾದ್ರೂ ಬೇಕಲ್ಲ," ಎಂದರಂತೆ ಅತ್ತೆ ಬಸ್ಸಿನಲ್ಲಿ. ನನಗೂ ಹೋಗಬೇಕೆಂದಿತ್ತು. ಆದರೆ ದಿನಾ ಬೆಳಗ್ಗೆ ಏಳಕ್ಕೆ ಕಿಟಕಿ ತೆರೆಯಲು, ಜಿರೇನಿಯಂಗೆ ನೀರು ಹಾಕಲು ಯಾರಾದರೂ ಮನೆಯಲ್ಲಿರಬೇಕಲ್ಲ.

ಮೂರನೇ ದಿನ ಅತ್ತೆ ಫೋನ್ ಮಾಡಿದರು. ಹಿಂದೆ ಅಲೆಗಳ ಸದ್ದು, ಲೊರೆದಾನಾಳ ನಗು.

"ಕಿಟಕಿ ತೆಗೆದ್ಯಾ?"

"ತೆಗೆದೆ ಅತ್ತೆ."

"ಎಂಟೂ?"

"ಎಂಟೂ. ಅತ್ತೆ, ಅಡುಗೆಮನೆ ತೂತಿನಲ್ಲಿ ಕಡಜ ಗೂಡು ಕಟ್ಟಿದೆ. ಕುರ್ಚಿ ಮೇಲೆ ಕೂರೋಕಾಗ್ತಿಲ್ಲ. ತೆಗೆಸೋ ಖರ್ಚು ಒಡತಿಯದಾ, ಬಾಡಿಗೆದಾರನದಾ?"

"ನಂಗೇನು ಗೊತ್ತು? ಕರಾರು ಬರೆದೋರು ನೀವು. ಓದ್ಕೊಳ್ಳಿ ಡಾಕ್ಟ್ರೇ. ಈ ಸಲ ಪುಟ ಎಣಿಸ್ಕೊಂಡು ಓದಿ."

ಡ್ರಾಯರಿನಿಂದ ಕರಾರು ತೆಗೆದೆ. ಎಣಿಸಿದೆ. ಒಂದು, ಎರಡು, ನಾಲ್ಕು.

ಕುರ್ಚಿ ಸರಿಸಿ, ಬಗ್ಗಿ, ಉಸಿರು ಬಿಗಿಹಿಡಿದು, ತೂತಿನೊಳಗೆ ಇಣುಕಿ ನೋಡಿದೆ. ಮುಚ್ಚಬಾರದೆಂದು ಗಿಲ್ದೋ ಹೇಳಿದ್ದ ಆ ತೂತಿನಲ್ಲಿ, ನೀಟಾಗಿ ನಾಲ್ಕು ಮಡಿಕೆ ಮಾಡಿ ತುರುಕಿದ್ದ ಮೂರನೇ ಪುಟವಿತ್ತು. ಅದರ ತುದಿಯಲ್ಲಿ ಅತ್ತೆಯ ದುಂಡು ಸಹಿ ಮಾತ್ರ ಉಳಿದಿತ್ತು. ಮಿಕ್ಕದ್ದನ್ನೆಲ್ಲ ಕಡಜಗಳು ಅಗಿದು ಅಗಿದು ಬೂದು ಬಣ್ಣದ ಚಂದದ ಮನೆ ಕಟ್ಟಿಕೊಂಡಿದ್ದವು.

ಬೆಚ್ಚಗೆ, ಗಾಳಿ ತಾಗದ ಹಾಗೆ. ಬಾಡಿಗೆ ಇಲ್ಲದೆ!